ಒಬ್ಬರೇ ಎತ್ತುವ ಚೀಟಿ

2012ರ ಜನವರಿ. ರಾಯಚೂರು ಜಿಲ್ಲೆಯ ನಮ್ಮೂರ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದೆ. ಒಂದನೇ ತರಗತಿಯ ಹುಡುಗನೊಬ್ಬನಿಗೆ ಜ್ವರ ಹತ್ತಿ ಇಳಿಯಲೇ ಇಲ್ಲ. ಕಾಲಿನ ತುಂಬ ಸೂಜಿ ಚುಚ್ಚಿದಂಥ ಕೆಂಪು ಚುಕ್ಕಿ, ವಸಡಿನಲ್ಲಿ ರಕ್ತ. ರಾಯಚೂರಿನ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, ಇವತ್ತೇ ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದು ಖಚಿತವಾಯಿತು. ಮಕ್ಕಳಲ್ಲಿ ಇದು ಬಹಳಷ್ಟು ಸಲ ಪೂರ್ತಿ ವಾಸಿಯಾಗುವಂಥದ್ದು, ಆದರೆ ಎರಡೂವರೆ ವರ್ಷ ಔಷಧ ತಪ್ಪಬಾರದು ಎಂದು ಅಲ್ಲಿ ಹೇಳಿ ಕಳಿಸಿದರು.

ಅಪ್ಪ ಹಮಾಲಿ. ಮನೆಯಲ್ಲಿ ಬಿಪಿಎಲ್ ಕಾರ್ಡು ಇತ್ತು. ಆಗ ಸರ್ಕಾರದ ವಾಜಪೇಯಿ ಆರೋಗ್ಯಶ್ರೀ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತಿತ್ತು. ಔಷಧದ ಚಿಂತೆ ಹೆಚ್ಚುಕಡಿಮೆ ನೀಗಿತು. ಮೇಲುಖರ್ಚಿಗೆ ಇರಲಿ ಎಂದು ನಾನು ಊರಲ್ಲಿ ಪಟ್ಟಿ ಎತ್ತಿದೆ. 38,000 ಕೂಡಿತು. ಶಾಲೆಯ ಕಟ್ಟೆಯ ಮೇಲೆ ಎಲ್ಲರೆದುರು ಕೊಟ್ಟೆವು, ಫೋಟೋ ಕೂಡ ತೆಗೆಸಿಕೊಂಡೆವು. ಆ ಫೋಟೋದಲ್ಲಿ ನಾನು ತುಸು ಎದೆ ಉಬ್ಬಿಸಿಯೇ ನಿಂತಿದ್ದೇನೆ.

ಯುಗಾದಿಗೆ ಇನ್ನೂ ವಾರವಿತ್ತು. ಸಂಜೆ ಮಿರ್ಚಿ ಭಜಿ ಅಂಗಡಿಯ ಮುಂದೆ ಆ ಹುಡುಗ ಬಾಣಲೆಯನ್ನೇ ನೋಡುತ್ತ ನಿಂತಿದ್ದ. ತಲೆಯಲ್ಲಿ ಒಂದು ಕೂದಲಿಲ್ಲ. ಹೊರಗಿನ ತಿಂಡಿ ಅವನಿಗೆ ವರ್ಜ್ಯ, ಅದು ಊರಿಗೆಲ್ಲ ಗೊತ್ತು. ಆದರೆ ಅವನು ಆ ವಾರ ಬೆಂಗಳೂರಿನಲ್ಲಿರಬೇಕಿತ್ತಲ್ಲ! ಕೈ ಹಿಡಿದು ಮನೆಗೆ ಕರೆದುಕೊಂಡು ಹೋದೆ.

“ಚೊಲೋ ಆಗ್ಯಾನ್ರೀ ಮಾಸ್ತರ್ರ,” ಎಂದ ಅಪ್ಪ. “ರಕ್ತದಾಗ ಈಗ ರೋಗ ಕಾಣವಲ್ದು ಅಂತ ಡಾಕ್ಟ್ರೇ ಹೇಳ್ಯಾರ.”

ಹೇಳಿದ್ದು ನಿಜ. ಮೊದಲ ತಿಂಗಳ ಔಷಧಕ್ಕೆ ರೋಗ ಅಡಗುತ್ತದೆ, ಸಾಯುವುದಿಲ್ಲ. ಅಲ್ಲಿಗೆ ಬಿಟ್ಟರೆ ಮತ್ತೆ ಹೆಡೆ ಎತ್ತುತ್ತದೆ. ನಾನು ಅದನ್ನೆಲ್ಲ ಪಾಠದ ಹಾಗೆ ಹೇಳುತ್ತಿದ್ದೆ. ಒಳಗಿನಿಂದ ತಾಯಿಯ ದನಿ ಬಂತು.

“ಮಾಸ್ತರ್ರ ಮುಂದ ಸುಳ್ಳ್ಯಾಕ? ಹೋಗಾಕ ರೊಕ್ಕಿಲ್ರೀ.”

ಎರಡು ತಿಂಗಳಲ್ಲಿ 38,000 ಕರಗಿತ್ತು. ಆಸ್ಪತ್ರೆ ಹತ್ತಿರದ ಬಾಡಿಗೆ ಕೋಣೆ, ಖಾನಾವಳಿ ಊಟ, ಆಟೋ, ಊರಲ್ಲಿ ಉಳಿದ ಇಬ್ಬರು ಮಕ್ಕಳ ಹೊಟ್ಟೆ. ಅಪ್ಪ ಮಗನ ಹಾಸಿಗೆ ಪಕ್ಕ ಕೂತ ದಿನವೆಲ್ಲ ಕೂಲಿ ಇಲ್ಲ. ಅವಳ ಕಿವಿಯ ಬೆಂಡೋಲೆ ಆಗಲೇ ಒತ್ತೆ ಬಿದ್ದಿದ್ದವು. ನನ್ನ ಕಣ್ಣಿಗೆ ಅದು ಬಿದ್ದದ್ದೇ ಅವತ್ತು.

ಮತ್ತೆ ಪಟ್ಟಿ ಎತ್ತಲು ಹೊರಟರೆ ಜನ ಮುಖ ತಿರುಗಿಸಿದರು. “ಮೊನ್ನೆ ಕೊಟ್ಟೀವಲ್ರೀ?” ದಾರಿ ತೋರಿಸಿದ್ದು ಭಜಿ ಅಂಗಡಿಯ ಮಿರ್ಚಿ ಅವ್ವ. ಎಷ್ಟೋ ವರ್ಷದಿಂದ ಚೀಟಿ ನಡೆಸುತ್ತಿದ್ದವಳು. “ಚೀಟಿ ಹಾಕ್ರಿ ಮಾಸ್ತರ್ರ. ಸವಾಲಿಲ್ಲ, ಪ್ರತಿ ತಿಂಗಳೂ ಎತ್ತೋನು ಈ ಹುಡುಗ ಒಬ್ಬನ.”

ಮೂವತ್ತು ಮಂದಿ, ತಲೆಗೆ 50 ರೂಪಾಯಿ, ತಿಂಗಳಿಗೆ 1,500. ಲೆಕ್ಕದ ಪುಸ್ತಕ ನನ್ನದು, ವಸೂಲಿ ಅವಳದು. ಪಟ್ಟಿಯಲ್ಲಿ 5,000 ಬರೆಸಿದ್ದ ಸಾಹುಕಾರರು ಮೂರು ತಿಂಗಳಿಗೆ ಕೈ ಬಿಟ್ಟರು. ಅವರ ಜಾಗಕ್ಕೆ ಇಸ್ತ್ರಿ ಅಂಗಡಿಯವನನ್ನು ಅವಳೇ ಎಳೆತಂದಳು.

ರೈಲಿನ ವಿಷಯ ತಿಳಿದದ್ದು ಇನ್ನೂ ತಡವಾಗಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೊಬ್ಬರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯವರು ಸಹಿ ಮಾಡಿದ ಫಾರಂ ಇದ್ದರೆ ಸಾಕು. ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದ ಯಾದಗಿರಿಯ ತಾಯಿಯೊಬ್ಬಳು ಹುಡುಗನ ಮನೆಯವರಿಗೆ ಹೇಳಿದಳಂತೆ. ಅಷ್ಟರಲ್ಲಿ ನಾಲ್ಕು ಸಲ ಬಸ್ಸಿಗೆ ದುಡ್ಡು ಸುರಿದಾಗಿತ್ತು. ಪೇಪರು ಓದುವ ನಾನು ಒಮ್ಮೆಯೂ ವಿಚಾರಿಸಿರಲಿಲ್ಲ.

2014ರ ಮಳೆಗಾಲದಲ್ಲಿ ಗುಳಿಗೆ ನಿಂತವು. ಬೆಂಡೋಲೆ ಮಾತ್ರ ಮನೆಗೆ ಬರಲಿಲ್ಲ, ಬಡ್ಡಿ ನುಂಗಿತ್ತು. ಪುಸ್ತಕದಲ್ಲಿ 340 ರೂಪಾಯಿ ಉಳಿದಿತ್ತು. ಏನು ಮಾಡೋಣ ಎಂದು ನಾನು ಕೇಳುವ ಮೊದಲೇ ಮಿರ್ಚಿ ಅವ್ವ ಹಿಟ್ಟು ಕಲಸಿದ್ದಳು. ಮೂವತ್ತು ಮಂದಿಗೂ ಮಿರ್ಚಿ. ಬಾಣಲೆಯಿಂದ ತೆಗೆದ ಮೊದಲನೆಯದು ಹುಡುಗನ ಕೈಗೆ. ಖಾರಕ್ಕೆ ಮೂಗು ಸೋರಿತು, ಕಣ್ಣು ಕೆಂಪಾಯಿತು. ಅವನು ಅಂಗಿಯ ತೋಳಿನಲ್ಲಿ ಒರೆಸಿಕೊಂಡು ಇನ್ನೊಂದಕ್ಕೆ ಕೈ ಚಾಚಿದ.