ಕುರ್ಲಿಯೂ ಅಲ್ಲ, ಸುಂಗಟವೂ ಅಲ್ಲ

ಇಪ್ಪತ್ತೊಂದು ವರ್ಷ ಕುವೈಟಿನಲ್ಲಿ ದುಡಿದು ನಾನು ಉಪ್ಪಳಕ್ಕೆ ಮರಳಿದಾಗ ಮಗ ಹತ್ತನೇ ತರಗತಿಯಲ್ಲಿದ್ದ. ಎರಡು ವರ್ಷಕ್ಕೊಮ್ಮೆ ಬಂದು ಚಾಕಲೇಟು ಹಂಚಿ ಹೋಗುವ ಅಪ್ಪ ಬೇರೆ, ಮನೆಯಲ್ಲೇ ಉಳಿದುಬಿಟ್ಟ ಅಪ್ಪ ಬೇರೆ. ಇದು ನಮ್ಮಿಬ್ಬರಿಗೂ ಬಹಳ ಬೇಗ ಗೊತ್ತಾಯಿತು. "ಊಟ ಆಯ್ತಾ?" "ಆಯ್ತು." ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮೊಬೈಲು ಕೆಳಗಿಡು ಅಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ.

ಮರುವರ್ಷ ಒಂದು ಸಂಜೆ ಅವನಾಗಿಯೇ ಬಂದು, "ಪಪ್ಪಾ, ಒಂದು ಟ್ಯಾಂಕ್ ತೆಗೆದುಕೊಡ್ತೀರಾ? ಕ್ರೇಫಿಶ್ ಸಾಕಬೇಕು" ಎಂದ. ಅದೇನೆಂದು ತಿಳಿಯದೆಯೇ ನಾನು ಹೂಂ ಅಂದುಬಿಟ್ಟೆ.

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಟ್ಯಾಂಕ್ ಬಂತು. ತುಂಬಿದರೆ ಹತ್ತಿರ ಹತ್ತಿರ 54 ಲೀಟರ್. ಅಂದರೆ ನೀರೇ ಐವತ್ತು ಕಿಲೋ ದಾಟುತ್ತದೆ, ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಹಾಗಿಲ್ಲ. ಅಜ್ಜನ ಕಾಲದ ಹಲಸಿನ ಮರದ ಮೇಜನ್ನು ಬಿಸಿಲು ಬೀಳದ ಮೂಲೆಗೆ ಎಳೆದೆವು. ಜಲ್ಲಿ ತೊಳೆದು ಹಾಸಿ, ಗಾಳಿ ಪಂಪಿಗೆ ಸ್ಪಂಜಿನ ಫಿಲ್ಟರ್ ಜೋಡಿಸಿ, ಬಾವಿ ನೀರು ತುಂಬಿಸಿ, "ಇನ್ನು ಮೀನು ತರೋಣ" ಅಂದೆ. "ಒಂದೂವರೆ ತಿಂಗಳು ಕಾಯಬೇಕು ಪಪ್ಪಾ" ಎಂದ! ಮೀನಿನ ಹೇಲಿನಿಂದ, ಉಳಿದ ತಿಂಡಿಯಿಂದ ಅಮೋನಿಯಾ ಹುಟ್ಟುತ್ತದಂತೆ, ಅದು ವಿಷ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು, ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇನ್ನೊಂದು. ಇವೆರಡೂ ಸ್ಪಂಜಿನಲ್ಲಿ ಮನೆ ಮಾಡುವವರೆಗೆ ಟ್ಯಾಂಕಿಗೆ ಚಿಟಿಕೆ ತಿಂಡಿ ಹಾಕುತ್ತಾ ಕಾಯುವುದು. ಅದು ತಪಸ್ಸುಕಾಲದ ಮೊದಲ ವಾರ. ಬರೀ ನೀರಿಗೆ ದಿನಾ ತಿಂಡಿ ಹಾಕುವ ಮೊಮ್ಮಗನನ್ನು ನೋಡಿ ನನ್ನ ಅಮ್ಮ, "ನಾವು ಉಪವಾಸ, ನೀರಿಗೆ ಊಟ" ಎಂದು ನಗುತ್ತಿದ್ದರು.

ಈಸ್ಟರ್ ಕಳೆದ ಶನಿವಾರ ಅಪ್ಪ ಮಗ ರೈಲು ಹತ್ತಿ ಮಂಗಳೂರಿಗೆ ಹೋದೆವು. ಅಂಗಡಿಯವನು ಕೊಟ್ಟದ್ದು ಬೆರಳುದ್ದದ ಒಂದು ಪ್ರಾಣಿ. ಕಂದು ಮೈಮೇಲೆ ಅಮೃತಶಿಲೆಯಂಥ ಗೆರೆ, ಎದುರಿಗೆ ಎರಡು ಇಕ್ಕುಳ. "ಒಂದೇ ಅಲ್ವಾ, ಮರಿಗಿರಿ ಹಾಕುವ ತಾಪತ್ರಯ ಇಲ್ಲ" ಅಂದ. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಉಪ್ಪಳ ಸ್ಟೇಷನ್ನಿನವರೆಗೂ ಮಗ ಮಡಿಲಲ್ಲಿ ಹಿಡಿದು ಕೂತಿದ್ದ. ಅಮ್ಮ ಕನ್ನಡಕ ಹಾಕಿ ನೋಡಿ ತೀರ್ಪು ಕೊಟ್ಟರು: "ಕುರ್ಲಿಯೂ ಅಲ್ಲ, ಸುಂಗಟವೂ ಅಲ್ಲ." ಸರಿಯಾದ ಮಾತೇ. ನಮ್ಮ ಹೊಳೆಗಳಲ್ಲಿ ಏಡಿ ಇದೆ, ಸೀಗಡಿ ಇದೆ. ಕ್ರೇಫಿಶ್ ಮಾತ್ರ ಭಾರತದ ಯಾವ ನೀರಿನಲ್ಲೂ ಹುಟ್ಟಿದ ಜೀವಿಯಲ್ಲ.

ಜೊತೆಗಾರರ ವಿಷಯದಲ್ಲಿ ನಾನು ಮೂಗು ತೂರಿಸಿ ಕೆಟ್ಟೆ. ಚಂದ ಕಾಣಲಿ ಎಂದು ಸೀರೆ ಸೆರಗಿನಂಥ ಬಾಲದ ಗೋಲ್ಡ್ ಫಿಶ್ ಒಂದನ್ನು ಹಟ ಮಾಡಿ ತಂದಿದ್ದೆ. ಮೂರನೇ ಬೆಳಿಗ್ಗೆಗೆ ಸೆರಗು ಅರ್ಧ ಹೋಗಿತ್ತು. ತಳದಲ್ಲಿ ಓಡಾಡುವ ಮೀನು, ನಿಧಾನದ ಮೀನು, ಉದ್ದ ಬಾಲದ ಮೀನು ಇಕ್ಕುಳದವನ ಜೊತೆ ಬಾಳುವುದಿಲ್ಲ. ಮೇಲ್ನೀರಿನಲ್ಲಿ ಚುರುಕಾಗಿ ಈಜುವ ಆರು ಜೀಬ್ರಾ ಡೇನಿಯೋಗಳು ಬಂದ ಮೇಲೆ ಜಗಳ ನಿಂತಿತು. ಅಡಗಲು ಒಂದು ತುಂಡು ಪಿ.ವಿ.ಸಿ. ಪೈಪು, ಒಂದು ತೆಂಗಿನ ಗೆರಟೆ. ಮುಚ್ಚಳ ಕಡ್ಡಾಯ. ಇಲ್ಲವಾದರೆ ಗಾಳಿಯ ಟ್ಯೂಬು ಹಿಡಿದು ಹತ್ತಿ ಬರುತ್ತದೆ. ನಮ್ಮದು ಒಮ್ಮೆ ಫ್ರಿಡ್ಜಿನ ಹಿಂದೆ ಸಿಕ್ಕಿತು, ಮೈತುಂಬಾ ಧೂಳು. ಸೊಳ್ಳೆ ಸ್ಪ್ರೇ ಆ ಕೋಣೆಯಲ್ಲಿ ಬಂದ್. ಸಿಂಪಡಿಸಿದ ವಿಷ ನೀರಿನ ಜೀವಗಳಿಗೆ ಏನು ಮಾಡುತ್ತದೆಂದು 2000ದವರೆಗೂ ಎಂಡೋಸಲ್ಫಾನಿನ ಹೆಲಿಕಾಪ್ಟರ್ ಕಂಡ ಕಾಸರಗೋಡಿನವರಿಗೆ ನಾನು ಹೇಳಬೇಕಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪ್ರಾಣಿ ಮಗುಚಿ ಬಿದ್ದಿತ್ತು. ಮಗನ ಮುಖ ನೋಡಲಾಗಲಿಲ್ಲ. ಎತ್ತಿ ಎಸೆಯೋಣವೆಂದು ಕೈ ಹಾಕಿದರೆ ಅದು ಬರೀ ಚಿಪ್ಪು! ಪೊರೆ ಕಳಚಿದ ಜೀವ ಗೆರಟೆಯೊಳಗೆ ಮೆತ್ತಗೆ ನಡುಗುತ್ತಾ ಕೂತಿತ್ತು. ಕಳಚಿದ ಚಿಪ್ಪನ್ನು ತೆಗೆಯಬಾರದಂತೆ. ಅದನ್ನೇ ತಿಂದು ಸುಣ್ಣದ ಅಂಶ ಮರಳಿ ಪಡೆಯುತ್ತದೆ. ಆದರೆ ನಾಲ್ಕು ದಿನವಾದರೂ ಮೈ ಗಟ್ಟಿಯಾಗಲಿಲ್ಲ. ಮುರಕಲ್ಲಿನ ನೆಲದ ನಮ್ಮ ಬಾವಿ ನೀರು ಮೆದು, ಸ್ವಲ್ಪ ಹುಳಿ, ಸುಣ್ಣ ಕಡಿಮೆ. ಆಗ ನನ್ನ ಬುದ್ಧಿಯೊಂದು ಉಪಯೋಗಕ್ಕೆ ಬಂತು. ಭಾನುವಾರ ಪೂಜೆ ಮುಗಿಸಿ ಬರುವಾಗ ತಂದ ಮರುವಾಯಿಯ ಚಿಪ್ಪುಗಳನ್ನು ಸಾರಿನಿಂದ ಉಳಿಸಿ, ಕುದಿಸಿ, ಉಜ್ಜಿ ತಳಕ್ಕೆ ಹಾಕಿದೆ. ಮುಂದಿನ ಸಲ ಪೊರೆ ಬಿಟ್ಟಾಗ ಎರಡೇ ದಿನದಲ್ಲಿ ಗಟ್ಟಿ. "ಪಪ್ಪಾ, ಸೂಪರ್" ಎಂದ. ಕುವೈಟಿನಿಂದ ತಂದ ಯಾವ ವಸ್ತುವಿಗೂ ಆ ಮಾತು ಸಿಕ್ಕಿರಲಿಲ್ಲ.

ಆಗಸ್ಟಿನಲ್ಲಿ ನೋಡಿದರೆ ಬಾಲದಡಿಯಲ್ಲಿ ಸಾಸಿವೆ ಕಾಳಿನಂಥ ಮೊಟ್ಟೆಗಳ ಗೊಂಚಲು. ಒಂಟಿ ಪ್ರಾಣಿಗೆ ಮೊಟ್ಟೆ ಎಲ್ಲಿಂದ? ಮಗ ರಾತ್ರಿಯಿಡೀ ಓದಿ ಕಂಡುಹಿಡಿದ. ಇದು ಮಾರ್ಬಲ್ಡ್ ಕ್ರೇಫಿಶ್. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಕಾಣಿಸಿಕೊಂಡದ್ದು. ಎಲ್ಲವೂ ಹೆಣ್ಣು, ಗಂಡಿಲ್ಲದೆ ಮರಿ ಹಾಕುತ್ತದೆ, ಪ್ರತಿಯೊಂದು ಮರಿಯೂ ತಾಯಿಯ ನಕಲು. 2018ರಲ್ಲಿ ವಿಜ್ಞಾನಿಗಳು ಅದರ ಜೀನೋಮ್ ಓದಿ ಇದನ್ನು ಖಚಿತಪಡಿಸಿದರು. ಕೆಲವೇ ವಾರಗಳಲ್ಲಿ ನಮ್ಮ ಟ್ಯಾಂಕಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ನೂರಾರು ಮರಿಗಳು.

ಪಕ್ಕದ ಮನೆಯವರು, "ಪಾಪ, ತೋಡಿಗೆ ಬಿಟ್ಟುಬಿಡಿ, ಬದುಕಿಕೊಳ್ತವೆ" ಎಂದರು. ನನಗೂ ಅದೇ ದಯೆಯ ಕೆಲಸ ಅನ್ನಿಸಿತು. ಮಗ ಶಾಲೆಯಿಂದ ಬರುವ ಮೊದಲೇ ಮರಿಗಳನ್ನು ಬಕೆಟಿಗೆ ಹಾಕಿ ಗದ್ದೆಯ ಬದುವಿನವರೆಗೂ ಹೋಗಿದ್ದೆ. ಹಿಂದಿನಿಂದ ಓಡಿ ಬಂದವನು, ಯೂನಿಫಾರಂನಲ್ಲೇ, ಬಕೆಟಿನ ಹಿಡಿ ಗಟ್ಟಿಯಾಗಿ ಹಿಡಿದು, "ಬೇಡ ಪಪ್ಪಾ!" ಎಂದು ಕಿರುಚಿದ. ನನಗೆ ಸಿಟ್ಟು ಬಂತು. "ನನಗೆ ಬುದ್ಧಿ ಹೇಳ್ತೀಯಾ?" ಅಂದೆ. ಅವನು ಬಿಡಲಿಲ್ಲ. ಕೆಸರಿನಲ್ಲಿ ನಿಂತು, ನಡುಗುವ ದನಿಯಲ್ಲಿ ಹೇಳಿದ: ಮಡಗಾಸ್ಕರ್ ದ್ವೀಪದಲ್ಲಿ ಇದು ಗದ್ದೆ, ಹೊಳೆ, ಕೆರೆಗಳಿಗೆಲ್ಲ ಹಬ್ಬಿದೆ, ಯುರೋಪಿಯನ್ ಒಕ್ಕೂಟ 2016ರಲ್ಲಿ ಸಾಕುವುದನ್ನೇ ನಿಷೇಧಿಸಿದೆ, ಒಂದೇ ಒಂದು ತಪ್ಪಿಸಿಕೊಂಡರೂ ಸಾಕು, ಈ ತೋಡು ಹೋಗಿ ಸೇರುವುದು ನಮ್ಮ ಹೊಳೆಗೆ. ಅಷ್ಟು ಉದ್ದದ ಮಾತನ್ನು ಅವನು ನನ್ನೊಡನೆ ಆಡಿದ್ದು ಅದೇ ಮೊದಲು.

ಬಕೆಟ್ ಹಿಡಿದು ಇಬ್ಬರೂ ವಾಪಸಾದೆವು. ಒಂದಿಷ್ಟು ಮರಿಗಳನ್ನು ಡೇನಿಯೋಗಳೇ ತಿಂದವು. ಉಳಿದವನ್ನು ಡಬ್ಬಿಯಲ್ಲಿ ಫ್ರೀಜರಿಗೆ ಇಟ್ಟೆವು; ಮೊದಲು ಮರಗಟ್ಟಿ ಆಮೇಲೆ ಸಾಯುತ್ತವೆ. ಸಂಕಟದ ಕೆಲಸ. ಡಬ್ಬಿಯನ್ನು ಒಳಗಿಟ್ಟದ್ದು ನಾನು; ಅವನಿಂದ ಆಗಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆಮೇಲೆ ಮೊಟ್ಟೆ ಕಂಡಾಗಲೆಲ್ಲ ಮರಿಯಾಗುವ ಮೊದಲೇ ತೆಗೆಯುವುದನ್ನು ಕಲಿತೆವು. ಟ್ಯಾಂಕಿನ ಹಳೇ ನೀರನ್ನು ಬಟ್ಟೆಯಲ್ಲಿ ಸೋಸಿ ತೆಂಗಿನ ಬುಡಕ್ಕೇ ಹಾಕುತ್ತೇನೆ, ಚರಂಡಿಗೆ ಅಲ್ಲ.

ಈಗ ಅವನು ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ರಾತ್ರಿ ಒಂಬತ್ತಕ್ಕೆ ಫೋನು ಬರುತ್ತದೆ. ಮೊದಲ ಪ್ರಶ್ನೆ, "ಪಪ್ಪಾ, ನೀರು ಬದಲಿಸಿದ್ರಾ?" ಎರಡನೆಯದು ಅಜ್ಜಿಯ ಮಂಡಿನೋವು. ಮೊನ್ನೆ ನಾನು ಮರೆತಿದ್ದೆ, ಬದಲಿಸಿದೆ ಎಂದು ಸುಳ್ಳು ಹೇಳಿದೆ. "ಫೋಟೋ ಕಳಿಸಿ" ಎಂದ.