ಕಾಲು ಟ್ಯಾಂಕಿನ ಮುಳ್ಳು

10 ಜೂನ್ 2024, ಸೋಮವಾರ, ತೀರ್ಥಹಳ್ಳಿ

ಗಾಡಿ ನಿಂತಿತು. ಮೇಗರವಳ್ಳಿ ಇನ್ನೂ ದೂರ, ಎರಡೂ ಕಡೆ ಕಾಡು, ಮೇಲಿಂದ ಮೃಗಶಿರಾ ಮಳೆ. ಒಂದೆರಡು ಸಲ ಮುಗ್ಗರಿಸಿದ ಹಾಗೆ ಮಾಡಿತು, ಆಮೇಲೆ ಉಸಿರೇ ಇಲ್ಲ. ಪ್ಲಗ್ಗಿಗೆ ನೀರು ಹೋಗಿರಬೇಕು ಅಂದುಕೊಂಡು ಹತ್ತು ನಿಮಿಷ ಕಿಕ್ ಹೊಡೆದೆ. ಪೆಟ್ರೋಲ್ ಮುಗಿದಿರಬಹುದು ಅಂತ ಹೊಳೆಯಲೇ ಇಲ್ಲ. ಮುಳ್ಳು ಕಾಲು ಟ್ಯಾಂಕ್ ಇದೆ ಅನ್ನುತ್ತಿತ್ತಲ್ಲ. ಕೊನೆಗೆ ಸೀಟು ಎತ್ತಿ, ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿದೆ. ಒಳಗೆ ಸದ್ದೇ ಇಲ್ಲ.

ಒಂದು ಕಿಲೋಮೀಟರ್ ತಳ್ಳಿದ ಮೇಲೆ ಒಂದು ಅಂಗಡಿ ಸಿಕ್ಕಿತು. ನೀರಿನ ಬಾಟಲಿಯಲ್ಲಿ ಪೆಟ್ರೋಲ್, 130 ರೂಪಾಯಿ. ಲೀಟರ್ ಅಂದರು, ಬಾಟಲಿಯ ಕತ್ತು ಖಾಲಿ ಇತ್ತು. ಚೌಕಾಸಿ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. "ಮುಳ್ಳು ನಂಬ್ಕಂಡು ಬಂದ್ರಾ ಮೇಡಂ?" ಅಂತ ಅಂಗಡಿಯವರು ಕೇಳಿದ ರೀತಿಗೆ ಮೈ ಉರಿಯಿತು. ಹತ್ತನೇ ಕ್ಲಾಸಿನ ಮೊದಲ ಪೀರಿಯಡ್ ಹೋಯಿತು. ಸೀರೆ ಮೊಣಕಾಲಿನವರೆಗೆ ಕೆಸರು.

15 ಜೂನ್, ಶನಿವಾರ

ಪೆಟ್ರೋಲಿಗೆ ಮೂರು ರೂಪಾಯಿ ಏರಿದೆ. ರಾಜ್ಯದ ಮಾರಾಟ ತೆರಿಗೆ ಶೇ. 25.92 ಇದ್ದದ್ದು 29.84 ಆಯಿತಂತೆ. ನನ್ನ 200 ರೂಪಾಯಿಗೆ ಈಗ ಎರಡು ಲೀಟರೂ ಪೂರ್ತಿ ಬರುವುದಿಲ್ಲ.

ಸೋಮವಾರದ ಅನುಮಾನ ಬಂಕಿನ ಮೇಲೇ ಇತ್ತು. ಅಳತೆಯಲ್ಲಿ ಹೊಡೆಯುತ್ತಿದ್ದಾರೆ ಅಂತ ಸ್ಟಾಫ್ ರೂಮಿನಲ್ಲಿ ತೀರ್ಮಾನವೂ ಆಗಿತ್ತು. ಇವತ್ತು ಧೈರ್ಯ ಮಾಡಿ ಐದು ಲೀಟರಿನ ಅಳತೆ ಪಾತ್ರೆ ತೋರಿಸಿ ಅಂದೆ. ಅದು ಪ್ರತಿ ಬಂಕಿನಲ್ಲೂ ಇರಬೇಕು, ಮಾಪನ ಇಲಾಖೆಯ ಮುದ್ರೆ ಬಿದ್ದಿರಬೇಕು, ಕೇಳಿದವರಿಗೆ ತೋರಿಸಬೇಕು. 25 ಮಿಲಿಲೀಟರ್ ಹೆಚ್ಚು ಕಮ್ಮಿಗೆ ವಿನಾಯಿತಿ ಇದೆ. ಹುಡುಗ ಗೊಣಗುತ್ತಲೇ ತಂದು ಹಿಡಿದ. ಗೆರೆಗೆ ಸರಿಯಾಗಿ ನಿಂತಿತು. ಹಿಂದೆ ಸಾಲು ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾಚಿಕೆಗೆ 200ರ ಬದಲು 300 ಹಾಕಿಸಿಕೊಂಡು ಬಂದೆ.

16 ಜೂನ್, ಭಾನುವಾರ

ಅಪ್ಪನಿಗೆ ಹೇಳಿದರೆ ನಕ್ಕರು. "ನಮ್ಮ ಚೇತಕ್ಕಿಗೆ ಮುಳ್ಳೇ ಇರ್ಲಿಲ್ಲ ಮಾರಾಯ್ತಿ, ಒಂದಿನ ತಳ್ಳಲಿಲ್ಲ ನಾನು."

ತಳ್ಳಿದ್ದು ನನಗೆ ನೆನಪಿದೆ, ಆದರೆ ವಾದ ಮಾಡಲಿಲ್ಲ. ಚೇತಕ್ಕಿನ ಕಾಕ್ ಕಣ್ಣಿಗೆ ಕಟ್ಟಿದಂತಿದೆ. ಸೀಟಿನ ಕೆಳಗೆ ಕೈ ಹಾಕಿದರೆ ಸಿಗುವ ಸಣ್ಣ ಹಿಡಿಕೆ: ಆನ್, ಆಫ್, ರಿಸರ್ವ್. ಓಡುತ್ತ ಓಡುತ್ತ ಗಾಡಿ ಕೆಮ್ಮಲು ಶುರುಮಾಡಿದರೆ ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ, ಬಗ್ಗಿ, ಹಿಡಿಕೆ ತಿರುಗಿಸುತ್ತಿದ್ದರು. ಎರಡು ಕ್ಷಣ ಉಸಿರು ಹಿಡಿದು ಮತ್ತೆ ಓಡುತ್ತಿತ್ತು. "ರಿಸರ್ವಿಗೆ ಬಂತು" ಅನ್ನುವುದು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಹೊಂದುತ್ತಿದ್ದ ಮಾತು. ತಿಂಗಳ ಕೊನೆಗೆ ಅಕ್ಕಿ ಡಬ್ಬಿ ರಿಸರ್ವಿಗೆ ಬರುತ್ತಿತ್ತು, ಅಜ್ಜಿಯ ತಾಳ್ಮೆಯೂ. ಆ ಕಾಕಿನಲ್ಲಿ ಯಂತ್ರವೇ ಇರಲಿಲ್ಲ: ಟ್ಯಾಂಕಿನೊಳಗೆ ಎದ್ದು ನಿಂತ ಉದ್ದದ ಕೊಳವೆ ಒಂದು, ತಳದಲ್ಲಿ ಗಿಡ್ಡದ್ದೊಂದು. ಉದ್ದದ್ದರ ಬಾಯಿಗೆ ಪೆಟ್ರೋಲ್ ಎಟುಕದೆ ಹೋದಾಗ ಗಿಡ್ಡದ್ದಕ್ಕೆ ಬದಲಾಯಿಸಿಕೊಳ್ಳುವುದು. ಎಷ್ಟಿದೆ ಅಂತ ಅದು ಎಂದೂ ಹೇಳಲಿಲ್ಲ. ಕೊನೆಯ ಹನಿಗೆ ಮುಂಚೆ ಮಾತ್ರ ಒಮ್ಮೆ ಕೆಮ್ಮಿ ಹೇಳುತ್ತಿತ್ತು. ಹೊಸ ಗಾಡಿಯವರು ಮುಳ್ಳು ಕೊಟ್ಟು ಆ ಕೆಮ್ಮನ್ನು ಕಿತ್ತುಕೊಂಡರು. ಅದು ನನಗೆ ನಷ್ಟದ ವ್ಯಾಪಾರ ಅನ್ನಿಸುತ್ತದೆ.

ಅಪ್ಪನ ಬಳಿ ಅಡಿಕೆ ದಬ್ಬೆಯಿಂದ ಸೀಳಿದ ಕಡ್ಡಿಯೊಂದಿತ್ತು, ಲೀಟರಿಗೊಂದು ಕಚ್ಚು. ಇವತ್ತು ಅಟ್ಟದಿಂದ ಹುಡುಕಿ ತಂದರು! ನನ್ನ ಗಾಡಿಯ ಟ್ಯಾಂಕಿನ ಬಾಯಿ ಓರೆ, ಕಡ್ಡಿ ತಳ ಮುಟ್ಟುವುದಿಲ್ಲ. ಬೇಸರದಿಂದ ಮತ್ತೆ ಅಟ್ಟಕ್ಕೆ ಹಾಕಿದರು, ಬಿಸಾಡಲಿಲ್ಲ.

23 ಜೂನ್, ಭಾನುವಾರ

ಹೆಬ್ರಿಯಲ್ಲಿ ಗೃಹಪ್ರವೇಶ. ಬಸ್ಸಿಗೆ ಹೋಗು ಅಂದರೂ ಕೇಳದೆ ಗಾಡಿಯಲ್ಲೇ ಹೋದೆ. ಹೊರಡುವಾಗ ಮುಳ್ಳು ಅರ್ಧದಲ್ಲಿತ್ತು. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಜಾರಿ ಜಾರಿ ಇ ಅಕ್ಷರದ ಹತ್ತಿರ ಹೋಯಿತು. ಎದೆ ಧಸಕ್ಕೆಂದಿತು, ಆದರೆ ಮಂಜಿನಲ್ಲಿ ಎದುರು ಬರುವ ಬಸ್ಸು ನೋಡುವುದೋ ಮುಳ್ಳು ನೋಡುವುದೋ? ಸೋಮೇಶ್ವರದ ಸಮನೆಲ ಸಿಕ್ಕಿದ್ದೇ ಮತ್ತೆ ಅರ್ಧಕ್ಕೆ ಬಂತು. ಸಂಜೆ ಹತ್ತುವಾಗ ಮುಕ್ಕಾಲು ದಾಟಿತು. ಪೆಟ್ರೋಲ್ ಸುಟ್ಟಷ್ಟೂ ಹೆಚ್ಚುವ ಗಾಡಿ ನನ್ನದೊಂದೇ ಇರಬೇಕು.

ಊಟದ ಪಂಕ್ತಿಯಲ್ಲೇ ಕೂತು ಯೋಚಿಸಿದ್ದೆ. ಟ್ಯಾಂಕಿನೊಳಗೆ ತೇಲುವ ಫ್ಲೋಟು ಹಿಂಬದಿಗೆ ಇರಬೇಕು. ಇಳಿಜಾರಿನಲ್ಲಿ ಪೆಟ್ರೋಲ್ ಮುಂದಕ್ಕೆ ಸರಿದು ಫ್ಲೋಟಿನ ಕೆಳಗೆ ಬರಿದಾಗುತ್ತದೆ, ಏರಿನಲ್ಲಿ ಹಿಂದಕ್ಕೆ ಬಂದು ಎತ್ತಿ ಹಿಡಿಯುತ್ತದೆ. ಮುಳ್ಳು ಹೇಳುವುದು ಟ್ಯಾಂಕಿನ ಲೆಕ್ಕವಲ್ಲ, ಟ್ಯಾಂಕಿನ ಒಂದು ಮೂಲೆಯ ಲೆಕ್ಕ. ಮಲೆನಾಡಿನಲ್ಲಿ ಸಮನೆಲ ಎಲ್ಲಿದೆ ಅದು ನಿಜ ಹೇಳಲಿಕ್ಕೆ?

30 ಜೂನ್, ಭಾನುವಾರ

ಪ್ರಯೋಗ. ಶಾಲೆಯ ಲ್ಯಾಬಿನಿಂದ 500 ಮಿಲಿಲೀಟರಿನ ಅಳತೆ ಜಾಡಿ ತಂದಿದ್ದೆ (ಹೆಡ್ಮಾಸ್ಟರಿಗೆ ಹೇಳಿಲ್ಲ). ಗ್ಯಾರೇಜಿನ ಹುಡುಗ ಕೈಪಂಪಿನಿಂದ ಟ್ಯಾಂಕ್ ಬರಿದು ಮಾಡಿಕೊಟ್ಟ. ಅಂಗಳದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಕೀ ಆನ್ ಮಾಡಿ, ಒಂದೊಂದೇ ಜಾಡಿ ಸುರಿದೆವು. ಅಪ್ಪ ಬೀಡಿ ಹಚ್ಚದ ಹಾಗೆ ಅಮ್ಮ ಕಾವಲು.

ತುಂಬುವಾಗ: ಅರ್ಧ ಲೀಟರ್, ಮುಳ್ಳು ಅಲ್ಲಾಡಲಿಲ್ಲ. ಒಂದು, ಇಲ್ಲ. ಒಂದೂವರೆಗೆ ಒಮ್ಮೆಲೇ ಕಾಲು. ಎರಡೂವರೆಗೆ ಅರ್ಧ ದಾಟಿತು. ನಾಲ್ಕಕ್ಕೇ ಫುಲ್. ಐದನೆಯ ಲೀಟರ್ ಅದರ ಲೆಕ್ಕಕ್ಕೇ ಇಲ್ಲ. ಫ್ಲೋಟು ಮೇಲಿನ ತಡೆ ಮುಟ್ಟಿ ಆಗಿತ್ತು.

ಮತ್ತೆ ತೆಗೆಯುವಾಗಲೇ ಆಶ್ಚರ್ಯ. ಒಂದೂವರೆ ಉಳಿದಾಗ ಕಾಲು. ಒಂದು ಉಳಿದಾಗಲೂ ಕಾಲು. ಅರ್ಧ ಉಳಿದಾಗಲೂ ಕಾಲು. ಪೂರ್ತಿ ಬರಿದಾದ ಮೇಲೂ ಕಾಲು! ಹುಡುಗ ಹಿಂದಿನ ಚಕ್ರಕ್ಕೆ ಒಂದು ಒದೆ ಕೊಟ್ಟ, ಟಪ್ಪನೆ ಬಿತ್ತು. ಅದೇ ಪೆಟ್ರೋಲ್, ಏರುವಾಗ ಒಂದು ಲೆಕ್ಕ, ಇಳಿಯುವಾಗ ಇನ್ನೊಂದು. ಸಾಲ ಕೊಡುವಾಗಿನ ಮುಖವೂ ಕೇಳುವಾಗಿನ ಮುಖವೂ ಬೇರೆಯಾದ ಹಾಗೆ.

6 ಜುಲೈ, ಶನಿವಾರ

ಮೆಕ್ಯಾನಿಕ್ ನನ್ನ ಪಟ್ಟಿ ಓದಿ, ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ಮೊದಲ ಮಾತು ಎಲ್ಲರದ್ದೇ: "ಎಥೆನಾಲ್ ಮೇಡಂ." ಹೋದ ವರ್ಷ ಫೆಬ್ರವರಿ 6ಕ್ಕೆ ಬೆಂಗಳೂರಿನಲ್ಲೇ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟ ಮೇಲೆ, ಗ್ಯಾರೇಜಿನಲ್ಲಿ ಹಾರ್ನ್ ಕೆಟ್ಟರೂ ಅದರದ್ದೇ ತಪ್ಪು. ಎಥೆನಾಲ್ ನೀರು ಹೀರುತ್ತದೆ ಅನ್ನುವುದು ನಿಜ, ನಮ್ಮ ಮಳೆಗಾಲದಲ್ಲಿ ಒಳ್ಳೆಯ ಗುಣವಲ್ಲ ಅನ್ನುವುದೂ ನಿಜ. ಆದರೆ ಕಾಲಿನಲ್ಲೇ ಯಾಕೆ ಸಿಕ್ಕಿಕೊಳ್ಳಬೇಕು? ಅದನ್ನು ಕೇಳಿದ ಮೇಲೆ ಅವರು ಸೀಟು ಬಿಚ್ಚಿದರು.

ಹೊರಗೆ ಬಂದದ್ದು ಬಡಕಲು ವಸ್ತು. ತಂತಿಯ ತೋಳಿನ ತುದಿಗೆ ಫ್ಲೋಟು. ಇನ್ನೊಂದು ತುದಿಯಲ್ಲಿ ಸಣ್ಣ ಪೆಟ್ಟಿಗೆ, ಅದರೊಳಗೆ ಸುರುಳಿ ಸುತ್ತಿದ ತಂತಿ, ಅದರ ಮೇಲೆ ಉಜ್ಜುತ್ತ ಹೋಗುವ ನಾಲಿಗೆ. ನಾಲಿಗೆ ಎಲ್ಲಿ ನಿಂತಿದೆಯೋ ಅದರ ಮೇಲೆ ವಿದ್ಯುತ್ತಿಗೆ ರೋಧ, ಅದರ ಮೇಲೆ ಮುಳ್ಳು. ನಾನು ಪ್ರತಿ ವರ್ಷ ಪಾಠ ಮಾಡುವ ರಿಯೋಸ್ಟ್ಯಾಟೇ. ಸಹೋದ್ಯೋಗಿಯ ಹೊಸ ಗಾಡಿಯಲ್ಲಿ ಮುಳ್ಳಿನ ಬದಲು ಆರು ಪಟ್ಟಿ ಮಿನುಗುತ್ತವೆ. ಅದರೊಳಗೂ ಇಂಥದೇ ಫ್ಲೋಟು ಅಂದರು.

"ಎಷ್ಟು ಹಾಕಿಸ್ತೀರಿ ಮೇಡಂ, ಒಂದು ಸಲಕ್ಕೆ?"

"ಇನ್ನೂರು."

"ಅದೇ ಮತ್ತೆ. ಯಾವಾಗ್ಲೂ ತಳದಲ್ಲೇ ಆಡಿಸ್ತೀರಿ. ರಸ್ತೆ ಗುಂಡಿಗೆ ಫ್ಲೋಟು ಅಲ್ಲೇ ಕುಣೀತದೆ, ಅಲ್ಲೇ ಉಜ್ಜತದೆ. ಅಲ್ಲೇ ಗೀರು ಬಿದ್ದು ಕಚ್ಕಂಡದೆ. ಫುಲ್ ಟ್ಯಾಂಕ್ ಹಾಕೋರದ್ದು ಮೇಲೂ ಕೆಳಗೂ ಸಮ ಸವೀತದೆ."

ಹೊಸದು ಶಿವಮೊಗ್ಗದಿಂದ ಬರಬೇಕು, 900 ರೂಪಾಯಿ. ಫುಲ್ ಟ್ಯಾಂಕ್ ಆದರೂ 500 ಚಿಲ್ಲರೆ. ಇದನ್ನು ಬರೆಯುವಾಗ ಯಾಕೋ ಸಿಟ್ಟು ಬರುತ್ತಿದೆ. ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ.

21 ಜುಲೈ, ಭಾನುವಾರ

ಈ ವಾರ ಮಳೆ ರಜೆ. ತುಂಗೆ ಕೆಂಪಗೆ ತುಂಬಿದ್ದಾಳೆ. ಹೊಸ ಫ್ಲೋಟು ಬುಧವಾರ ಹಾಕಿದರು, ಮುಳ್ಳು ಸದ್ಯಕ್ಕೆ ಸರಿಯಾಗಿ ನಡೆದುಕೊಳ್ಳುತ್ತಿದೆ. ಹಳೆಯದನ್ನು ಕೇಳಿ ತಂದಿದ್ದೆ. ಮಧ್ಯಾಹ್ನ ಅಪ್ಪನ ಓದುವ ಭೂತಗನ್ನಡಿ ಹಿಡಿದು ನೋಡಿದೆ. ಸುರುಳಿಯ ಮೇಲ್ಭಾಗ ಮಂಕು ಬಣ್ಣದಲ್ಲಿ ಹೊಸದರ ಹಾಗೇ ಇದೆ. ತಳದ ಕಡೆ ಒಂದು ಬೆರಳಗಲ ಉಜ್ಜಿ ಉಜ್ಜಿ ಹೊಳೆಯುತ್ತಿದೆ, ನಡುವೆ ಉಗುರಿಗೆ ಸಿಗುವ ಒಂದು ಹಳ್ಳ.

ಚಾಕ್‌ಪೀಸಿನ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದೇನೆ. ವಿದ್ಯುತ್ತಿನ ಪಾಠ ಬಂದಾಗ ಒಂದು ಬ್ಯಾಟರಿ, ಒಂದು ಬಲ್ಬು ಜೋಡಿಸಿ ತೋರಿಸಬಹುದು.

ನಾಳೆ ಶಾಲೆ ಇದ್ದರೆ ಬೇಗ ಹೊರಡಬೇಕು, ದಾರಿಯಲ್ಲಿ ಬಂಕಿಗೆ ಹೋಗಬೇಕು. ಸಂಬಳಕ್ಕೆ ಇನ್ನೂ ಹತ್ತು ದಿನ. ಪರ್ಸಿನಲ್ಲಿ 240 ಇದೆ, 40 ಹಾಲಿಗೆ.