ನೀರಿನ ಮುಸುಕು

ತಳಕಲ್ಲಿನಂತಹ ಊರಿನಲ್ಲಿ ಒಬ್ಬ ನಿವೃತ್ತ ಶಾಲಾಮಾಸ್ತರರ ಹಿತ್ತಿಲಿನಲ್ಲಿ ಈಜುಗೊಳವಿದೆಯೆಂದರೆ ಕೇಳಿದವರು ಮೊದಲು ನಗುವರು, ಅನಂತರ ಹುಬ್ಬು ಗಂಟಿಕ್ಕುವರು. ಎರಡಕ್ಕೂ ಕಾರಣವುಂಟು. ನಮ್ಮ ಜಿಲ್ಲೆಯ ಗಂಗಾವತಿಯ ಕಡೆಯವರಿಗೆ ತುಂಗಭದ್ರೆಯ ಕಾಲುವೆಯುಂಟು. ಈ ಕಡೆಯ ಎರೆಹೊಲದವರಾದ ನಾವು ಮುಗಿಲನ್ನು ನೋಡುತ್ತ ಬದುಕುವವರು. ಕೊಡಕ್ಕೆ ಕೊಡ ಲೆಕ್ಕವಿಡುವ ಊರಿನಲ್ಲಿ ಮೀಯುವುದಕ್ಕೊಂದು ಕೊಳವೆ? ಆದರೆ ನಮ್ಮ ಮೊಮ್ಮಗನ ಕಾಲುಗಳಲ್ಲಿ ಹುಟ್ಟಿನಿಂದಲೂ ಬಲ ಕಡಿಮೆ. ನೀರಿನಲ್ಲಿ ದಿನವೂ ನಡೆದಾಡಿಸಿರೆಂದು ವೈದ್ಯರು ಹೇಳಿದರು. ನೀರು ತಣ್ಣಗಿದ್ದರೆ ಸ್ನಾಯುಗಳು ಸೆಟೆಯುವುವು, ಬೆಚ್ಚಗಿರಲಿ ಎಂದೂ ಹೇಳಿದರು. ಮಗನು ಪುಣೆಯ ಮನೆಯನ್ನು ಬಿಟ್ಟು ಬಂದು, 8 ಮೀಟರ್ ಉದ್ದ 4 ಮೀಟರ್ ಅಗಲದ ಕೊಳವನ್ನು ಕಟ್ಟಿಸಿದನು.

ಮೊದಲನೆಯ ಚೈತ್ರದಲ್ಲಿಯೇ ನೀರು ಇಳಿಯತೊಡಗಿತು. “ನೀರು ಎಲ್ಲಿಗೆ ಹೋಗ್ತದರೀ?” ಎಂದು ನಮ್ಮ ಮನೆಯವರು ದಿನಕ್ಕೆರಡು ಬಾರಿ ಕೇಳುವರು. ಗೌಂಡಿಯು ತಳ ಸೋರುತ್ತಿರಬೇಕೆಂದು ಸಿಮೆಂಟಿನ ಚೀಲವನ್ನೇ ಹೊತ್ತು ಬಂದನು. ಆಗ ನಾವೊಂದು ಸುಲಭವಾದ ಪರೀಕ್ಷೆಯನ್ನು ಮಾಡಿದೆವು. ಕೊಳದ ನೀರನ್ನೇ ಒಂದು ಬಕೆಟ್ಟಿಗೆ ತುಂಬಿ, ಅದನ್ನು ಕೊಳದ ಮೆಟ್ಟಿಲಿನ ಮೇಲೆ ನೀರಿನೊಳಗೆ ನಿಲ್ಲಿಸಿ, ಒಳಗೂ ಹೊರಗೂ ಗೆರೆಯೆಳೆದೆವು. ಬಕೆಟ್ಟಿಗಿಂತ ಕೊಳವು ಹೆಚ್ಚು ಇಳಿದರೆ ಸೋರಿಕೆ. ಎರಡೂ ಸಮನಾಗಿ ಇಳಿದರೆ ಬಿಸಿಲಿನ ಕೆಲಸ. ಎರಡೂ ಸಮನಾಗಿಯೇ ಇಳಿದವು. ಸಂಸ್ಕೃತದಲ್ಲಿ ಕರವೆಂದರೆ ಕಿರಣ, ಕರವೆಂದರೆ ಕೈ, ಕರವೆಂದರೆ ಕಂದಾಯವೂ ಹೌದು. ಬಾಲಕರಿಗೆ ನಾನಾರ್ಥಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ನಮಗೆ ಅವು ಮೂರೂ ಒಂದೇ ಕಡೆ ಕೂಡಿದುದು ಆ ಕೊಳದ ದಂಡೆಯ ಮೇಲೆ.

ವಾರಕ್ಕೆ ಮೂರು ಬೆರಳಷ್ಟು, ಅಂದರೆ ಸುಮಾರು 5 ಸೆಂಟಿಮೀಟರ್ ಇಳಿಯುತ್ತಿತ್ತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಆ ಲೆಕ್ಕದಲ್ಲಿ ನಮ್ಮ ಕೊಳದಿಂದ ವಾರಕ್ಕೆ 1,600 ಲೀಟರ್, 15 ಲೀಟರಿನ ಕೊಡದಿಂದ ಅಳೆದರೆ ನೂರಕ್ಕೂ ಹೆಚ್ಚು ಕೊಡಗಳು! ಇದನ್ನು ಕೇಳಿದ ದಿನ ನಮ್ಮ ಮನೆಯವರು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಹೊಲದವರ ಸಂಕಟವೂ ಇದೇ. 2014ರಲ್ಲಿ ಕರ್ನಾಟಕ ಸರಕಾರವು ಕೃಷಿ ಭಾಗ್ಯವೆಂಬ ಯೋಜನೆಯನ್ನು ಆರಂಭಿಸಿ, ಮಳೆಯಾಶ್ರಿತ ಸೀಮೆಗಳಲ್ಲಿ ಕೃಷಿಹೊಂಡಗಳನ್ನು ತೋಡಿಸಲು ನೆರವಿತ್ತಿತು. ಹೊಂಡದ ತಳಕ್ಕೆ ಪಾಲಿಥೀನ್ ಹಾಳೆಯನ್ನು ಹಾಸಿದರೆ ಭೂಮಿ ಕುಡಿಯುವುದು ನಿಲ್ಲುವುದು. ಮೇಲಿನಿಂದ ಕುಡಿಯುವವನನ್ನು ಹಾಳೆಯು ತಡೆಯಲಾರದು.

ಮಗನು ತರಿಸಿದ ಸೋಲಾರ್ ಹೊದಿಕೆಯು ಇದಕ್ಕೆ ಪ್ರತೀಕಾರ. ನೀಲಿಯ ಬಣ್ಣದ ಪ್ಲಾಸ್ಟಿಕ್ ಹಾಳೆ; ಒಂದು ಮೈಯೆಲ್ಲ ಗಾಳಿ ತುಂಬಿದ ಗುಳ್ಳೆಗಳು. ಗುಳ್ಳೆಯ ಮೈಯನ್ನು ಕೆಳಗೆ ಮಾಡಿ ನೀರಿನ ಮೇಲೆ ಹರಡಿದರೆ ತಾನೇ ತೇಲುವುದು. ಅಂಚನ್ನು ಕೊಳದ ಗೋಡೆಗೆ ಸರಿಯಾಗಿ ಕತ್ತರಿಸಬೇಕು. ಬಿಸಿಲು ಅದನ್ನು ಹಾದು ನೀರನ್ನು ಕಾಯಿಸುವುದು ನಿಜ. ಆದರೆ ಅದರ ದೊಡ್ಡ ಉಪಕಾರವೆಂದರೆ ಆವಿಯನ್ನು ತಡೆಯುವುದು. ಒಂದು ಲೀಟರ್ ನೀರು ಆವಿಯಾಗುವಾಗ ಕೊಂಡೊಯ್ಯುವ ಶಾಖವು ಸುಮಾರು 580 ಲೀಟರ್ ನೀರನ್ನು ಒಂದು ಡಿಗ್ರಿ ತಣಿಸಬಲ್ಲುದು. ಆದುದರಿಂದ ನೀರನ್ನು ಉಳಿಸಿದವನು ಬಿಸಿಯನ್ನೂ ಉಳಿಸಿದಂತೆ. ಹೊದಿಸಿದ ವಾರದಲ್ಲಿ ನಮ್ಮ ಗೆರೆಯು ಅರ್ಧ ಬೆರಳು ಸಹ ಇಳಿಯಲಿಲ್ಲ. ಪುಷ್ಯಮಾಸದ ಬೆಳಗಿನಲ್ಲಿಯೂ ಹುಡುಗನು ನಡುಗದೆ ನೀರಿಗಿಳಿದನು.

ಗದಗಿನ ದಾರಿಯ ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿಯ ಬಾವಿಗೆ ಮುಸುಕಿನ ಬಾವಿಯೆಂದು ಹೆಸರು. ನಮ್ಮ ಕೊಳಕ್ಕೂ ಊರವರು ಈಗ ಅದೇ ಹೆಸರನ್ನಿಟ್ಟಿರುವರು. ನಗೆಯಲ್ಲಿ ಮೊದಲಿನ ಹುಳಿಯಿಲ್ಲ.

ಈ ಮುಸುಕಿನ ಆರೈಕೆಯು ಮಾತ್ರ ಹಸುವನ್ನು ಸಾಕಿದಂತೆ, ದಿನವೂ ಇದ್ದದ್ದೇ. ಗಾಳಿಯ ದಿನಗಳಲ್ಲಿ ಎರೆಮಣ್ಣಿನ ಧೂಳೂ ಬೇವಿನ ಎಲೆಯೂ ಅದರ ಮೇಲೆ ಕೂಡುವುವು. ತೆಗೆಯುವ ಮುನ್ನ ಅವನ್ನು ಮೆತ್ತನೆಯ ಪೊರಕೆಯಿಂದ ಗುಡಿಸದಿದ್ದರೆ ಎಲ್ಲವೂ ನೀರಿಗೇ ಬೀಳುವುದು. ತೊಳೆಯುವುದಕ್ಕೆ ಬರಿಯ ನೀರು ಸಾಕು. ತೆಗೆದ ಹೊದಿಕೆಯನ್ನು ಮಡಿಸಿ ಬಿಸಿಲಿನಲ್ಲಿ ಬಿಟ್ಟರೆ ಪದರ ಪದರಗಳ ನಡುವೆ ಶಾಖವು ಕೂಡಿ ಗುಳ್ಳೆಗಳು ಕರಗಿ ಅಂಟಿಕೊಳ್ಳುವುವು. ನಾವು ಅದರ ಮೇಲೆ ನಮ್ಮದೊಂದು ಹಳೆಯ ಬಿಳಿಯ ಧೋತರವನ್ನು ಹೊದಿಸುವೆವು. ಹೊದಿಕೆಗೆ ಹೊದಿಕೆ! ಕ್ಲೋರಿನ್ ಪುಡಿಯನ್ನು ಹೆಚ್ಚಾಗಿ ಹಾಕಿದ ದಿನ ನೀರನ್ನು ತೆರೆದೇ ಇಡತಕ್ಕದ್ದು. ಪ್ರಮಾಣವು ಇಳಿಯುವ ಮೊದಲು ಮುಚ್ಚಿದರೆ ಪ್ಲಾಸ್ಟಿಕ್ಕು ಬೇಗ ಪುಡಿಯಾಗುವುದು.

ಇವೆಲ್ಲ ಹಣದ ಮಾತು. ಹಣಕ್ಕೆ ಮೀರಿದ ಮಾತೊಂದುಂಟು. ಹೊದಿಸಿದ ಕೊಳವು ಕಣ್ಣಿಗೆ ನೀಲಿಯ ಜಮಖಾನೆಯಂತೆ ತೋರುವುದು. ಅದರ ಮೇಲೆ ಕಾಲಿಟ್ಟ ಮಗುವಿನ ಭಾರವನ್ನು ಅದು ತಾಳದು. ಮಗು ಕೆಳಗಿಳಿದೊಡನೆ ಹಾಳೆಯು ಮತ್ತೆ ಕೂಡಿಕೊಳ್ಳುವುದು, ಮೇಲಿನಿಂದ ನೋಡುವವರಿಗೆ ಏನೂ ಕಾಣದು. ಇದು ಬಿಸಿಲಿಗೆ ಮುಚ್ಚಳವೇ ಹೊರತು ಮಕ್ಕಳಿಗೆ ಕಾವಲಲ್ಲ. ಒಂದು ಮುಂಜಾನೆ ಮೊಮ್ಮಗನು ದಂಡೆಯ ಮೇಲೆ ಕುಳಿತು, “ಅಜ್ಜಾ, ಅರ್ಧಾ ಸರಿಸಿದ್ರ ಸಾಕಲ್ಲ? ನಾ ಈ ಕಡೆನ ಅಡ್ಡಾಡ್ತೀನಿ” ಎಂದನು. ಎಂದೂ ಗದರಿಸದ ನಾವು ಅಂದು ಗದರಿಸಿದೆವು. ಕಾಲು ಜಾರಿ ಆ ಹುಡುಗನು ಹಾಳೆಯ ಕೆಳಗೆ ಸೇರಿದರೆ ತಲೆಯೆತ್ತುವುದಕ್ಕೆ ಅವನಲ್ಲಿ ಬಲವೆಲ್ಲಿಯದು? ಅವನು ಅತ್ತನು, ಆ ದಿನ ನೀರಿಗಿಳಿಯಲೊಲ್ಲೆನೆಂದನು. ಒತ್ತಾಯಿಸಲಿಲ್ಲ. ಮರುದಿನದಿಂದ ಹೊದಿಕೆಯ ಕೊನೆಯ ಅಂಚು ಸುತ್ತುರುಳೆಗೆ ಬಂದ ಮೇಲೆ ಅವನೇ “ಬಂತು” ಎಂದು ಕೂಗಬೇಕು. ಕೂಗಿದ ಹೊರತು ಯಾರೂ ಇಳಿಯುವಂತಿಲ್ಲ. ನೆರೆಯ ಮಕ್ಕಳು ಮಾವಿನಕಾಯಿಗೆ ಹಿತ್ತಿಲು ಹೊಗುವ ರೂಢಿಯುಳ್ಳವರಾದುದರಿಂದ ಸುತ್ತಲೂ ಎದೆಯೆತ್ತರದ ಬೇಲಿ, ಅದಕ್ಕೊಂದು ಬೀಗ. ಕೀಲಿಯು ನಮ್ಮ ಮನೆಯವರ ಸೆರಗಿನ ಗಂಟಿನಲ್ಲಿ.

ಬೇಸಿಗೆಯ ತಕರಾರೊಂದು ಇನ್ನೂ ತೀರಿಲ್ಲ. ವೈಶಾಖದಲ್ಲಿ ಮುಚ್ಚಿದ ನೀರು ಅತಿಯಾಗಿ ಕಾಯುವುದು. ರಾತ್ರಿ ತೆರೆದಿಟ್ಟರೆ ತಣಿಯುವುದು, ಆದರೆ ತಣಿಯುವುದೆಂದರೆ ಆವಿಯಾಗುವುದೆಂದೇ ಅರ್ಥ. ಮಗನು ತೆರೆಯೋಣವೆನ್ನುವನು, ಅವನ ತಾಯಿ ಕೊಡಗಳನ್ನು ಎಣಿಸುವರು. ಬಿಸಿಲನ್ನು ಒಳಗೆ ಬಿಡದ ಬಿಳಿಯ ಹೊದಿಕೆಯೊಂದನ್ನು ಬೇಸಿಗೆಗೆಂದೇ ತರುವುದು ಲೇಸೆಂದು ನಮ್ಮ ಮತ. ಹೇಗೂ ಈಗಿನದರ ತೆಂಕಣ ಅಂಚಿನಲ್ಲಿ ಗುಳ್ಳೆಗಳು ಉದುರಿ ಸೋಸುವ ಯಂತ್ರದ ಬುಟ್ಟಿಯಲ್ಲಿ ಸಿಕ್ಕುತ್ತಿವೆ. ದೀಪಾವಳಿಯ ಹೊತ್ತಿಗೆ ಬೇರೆಯದನ್ನು ತರಲೇಬೇಕು.